ಅಪ್ಪಣೆ ಬೇಡದ ದಾರಿ

"ಶನಿವಾರ ನನ್ನ ಜೋಡಿ ಕಾಡಿಗೆ ಬರ್ತೀರೇನ್ರಿ?"

ಪೃಥ್ವಿ ಇಷ್ಟು ಕೇಳಿದ್ದೇ ತಡ, ಕೇತಮ್ಮನ ಕೈಯಲ್ಲಿದ್ದ ಫೈಲು ಜೆರಾಕ್ಸ್ ಮೆಷಿನ್ನಿನ ಮೇಲೆ ದೊಪ್ಪನೆ ಬಿತ್ತು. ಕಾಗದಗಳು ರೂಮಿನ ತುಂಬಾ ಹಾರಿದವು.

"ಏನಂದ್ರಿ?"

"ಕಾಡಿಗೆ. ನಮ್ಮ ಮನಿ ಹಿಂದ ಐತಲ್ಲ, ಟಿಂಕರ್ಸ್ ವುಡ್. ಮುಂಜಾನೆ ಹೋಗಿ ಸಂಜಿ ಮಟ ಅಡ್ಡಾಡಿ ಬರೋಣು."

"ಯೋಚ್ನೆ ಮಾಡಿ ಕೇಳ್ತಿದ್ದೀರಾ?"

"ಇದರಾಗ ಯೋಚನಿ ಮಾಡೂದೇನೈತ್ರಿ? ಮಮ್ಮಿಗೂ ಹೇಳೇನಿ. ಆಕಿನೂ ಬರ್ತಾಳ."

ಕೇತಮ್ಮನ ಮುಖ ಮೊದಲು ಬಿಳಿಚಿಕೊಂಡಿತು. ಆಮೇಲೆ ಕಿವಿಯ ತುದಿಯವರೆಗೆ ಕೆಂಪೇರಿತು.

"ಅವ್ವನ್ನೂ ಕರ್ಕಂಡು ಬತ್ತಾರಾ ಯಾರಾದ್ರೂ? ನಾನು ಬರಲ್ಲ. ಬರಲ್ಲ ಅಂದ್ರೆ ಬರಲ್ಲ. ಹೋಗಿ ಸಾರ್ ಆ ಕಡೆ!"

ಪೃಥ್ವಿ ಬಗ್ಗಿ ಎತ್ತಿಕೊಂಡಿದ್ದ ಒಂದು ಕಾಗದವನ್ನು ಅವಳ ಕೈಗೆ ಕೊಡಲೂ ಧೈರ್ಯವಿಲ್ಲದೆ ಮೆಷಿನ್ನಿನ ಮೇಲಿಟ್ಟು ಹೊರಗೆ ಹೋದ. ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದ. ಆ ನೋಟದಲ್ಲಿ, ನಾನೇನು ತಪ್ಪು ಮಾಡಿದೆ ಎನ್ನುವ ಪ್ರಶ್ನೆಯೊಂದೇ ಇತ್ತು.

ಅವನು ಮಾಡಿದ ತಪ್ಪು ಅವನಿಗೆ ಗೊತ್ತಾಗುವುದಾದರೂ ಹೇಗೆ?

ಕೇತಮ್ಮ ಸೋಲಿಗರ ಹುಡುಗಿ. ಬಿಳಿಗಿರಿರಂಗನ ಬೆಟ್ಟದ ಒಳಕಾಡಿನಲ್ಲಿ ತಾರೆಮರದ ಪೋಡು ಅವಳ ಊರು. ಅಲ್ಲಿ ಗಂಡಿಗೂ ಹೆಣ್ಣಿಗೂ ಪ್ರೀತಿ ಹುಟ್ಟಿದರೆ ಜಾತಕ ಇಲ್ಲ, ಛತ್ರ ಇಲ್ಲ, ಲಗ್ನಪತ್ರಿಕೆ ಇಲ್ಲ. "ಕಾಡಿಗೆ ಬತ್ತೀಯಾ?" ಎಂದು ಹುಡುಗ ಕೇಳುತ್ತಾನೆ. ಹುಡುಗಿ ಎದ್ದು ಹೋದಳೋ, ಮುಗಿಯಿತು. ಒಂದಷ್ಟು ದಿನ ಕಾಡಿನಲ್ಲಿದ್ದು ಜೋಡಿ ಊರಿಗೆ ವಾಪಸ್ ಬರುತ್ತದೆ. ಯಜಮಾನ ಎಲ್ಲರೆದುರು ನಿಲ್ಲಿಸಿ ಗದರಿದ ಶಾಸ್ತ್ರ ಮಾಡುತ್ತಾನೆ, ತಪ್ಪುಕಾಣಿಕೆ ಇಡಿಸಿಕೊಳ್ಳುತ್ತಾನೆ, ಊರಿಗೆಲ್ಲ ಊಟ ಹಾಕಿಸಿ ಇವರು ಗಂಡಹೆಂಡಿರು ಎಂದು ಒಪ್ಪುತ್ತಾನೆ. ಕೇತಮ್ಮನ ಅಪ್ಪ ಅವ್ವ ಹಾಗೇ ಹೋದವರು. ಅಕ್ಕ ಭಾವ ಹಾಗೇ ಹೋದವರು. ಅಷ್ಟೇಕೆ, ಬೆಟ್ಟದ ಮೇಲಿರುವ ರಂಗಸ್ವಾಮಿಯೇ ಸೋಲಿಗರ ಕುಸುಮಾಲೆಯನ್ನು ಕರೆದುಕೊಂಡು ಹೋದವನು. ಅದಕ್ಕೇ ಅವರ ಬಾಯಲ್ಲಿ ಅವನು ದೇವರಿಗಿಂತ ಹೆಚ್ಚಾಗಿ ಮನೆಯ ಅಳಿಯ, ರಂಗಭಾವ.

ಇಂಥ ಹುಡುಗಿಯ ಎದುರು, ಬರ್ಮಿಂಗ್‌ಹ್ಯಾಮಿನ ಒಂದು ಲಾ ಸೆಂಟರಿನಲ್ಲಿ, ಟೈ ಕಟ್ಟಿಕೊಂಡು ನಿಂತು, ಕಾಡಿಗೆ ಬಾ ಎನ್ನುತ್ತಾನೆ! ಅದೂ ಅಮ್ಮನ ಸಮೇತ!

ಕೇತಮ್ಮ ಕಾಗದಗಳನ್ನು ಆಯುತ್ತಾ ತನ್ನನ್ನೇ ಬೈದುಕೊಂಡಳು. ಅವನಿಗೆ ಗೊತ್ತಿಲ್ಲ, ಸುಮ್ಮನೆ ಕೇಳಿದ್ದಾನೆ ಎಂದು ತಲೆ ಹೇಳುತ್ತಿತ್ತು. ಆದರೆ ಎದೆ ಮಾತ್ರ ಜೇನು ಬಿಡಿಸಲು ಮರ ಹತ್ತಿದವನ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

*

ಅದು 2008ರ ಬೇಸಿಗೆ, ಇಂಗ್ಲೆಂಡಿನಲ್ಲಿ ಬೇಸಿಗೆಯೆಂದರೆ ಜೂನಿನಿಂದ ಆಗಸ್ಟ್. ಲಾ ಕಾಲೇಜಿಗೆ ಸೇರಲು ಹೊರಟ ಆದಿವಾಸಿ ಹುಡುಗ ಹುಡುಗಿಯರಿಗೆ ವಕೀಲರ ಆಫೀಸಿನಲ್ಲಿ ಒಂದು ಬೇಸಿಗೆ ಕೆಲಸ ಕೊಟ್ಟು ತಯಾರು ಮಾಡಬೇಕೆಂದು ನಿರುಪಮಾ ಮೇಡಂ ಹಟ ಹಿಡಿದು ಶುರುಮಾಡಿದ ಪ್ಲೇಸ್‌ಮೆಂಟ್ ಅದು. ಮೇಡಂ ಮೈಸೂರಿನವರು, ಬಡವರಿಗೆ ಕಾನೂನು ನೆರವು ಕೊಡುವ ಆ ಲಾ ಸೆಂಟರಿನ ದೊಡ್ಡ ವಕೀಲೆ, ಸಾಲಿಸಿಟರ್. ಅವರು ಕರೆಸಿಕೊಂಡವರಲ್ಲಿ ಕೇತಮ್ಮನೇ ಮೊದಲನೆಯವಳು.

"ನೋಡು ಕೇತಮ್ಮ," ಮೇಡಂ ಬಂದ ದಿನವೇ ಹೇಳಿದ್ದರು, "ನೀನು ಚೆನ್ನಾಗಿ ಮಾಡಿ ಹೋದ್ರೆ ಮುಂದಿನ ವರ್ಷ ಇನ್ನೊಬ್ಬಳು ಬರ್ತಾಳೆ. ಇಲ್ಲಾಂದ್ರೆ ಬಾಗಿಲು ಮುಚ್ಚುತ್ತೆ. ನಿನ್ನ ತಲೆ ಮೇಲೆ ಭಾರ ಹಾಕ್ತಿದ್ದೀನಿ ಅಂತ ಗೊತ್ತು. ಆದ್ರೆ ಸುಳ್ಳು ಹೇಳಲ್ಲ."

ಭಾರ ಕೇತಮ್ಮನಿಗೆ ಹೊಸದಲ್ಲ. ಊರಲ್ಲಿ ಹೊಸ ಅರಣ್ಯ ಹಕ್ಕು ಕಾಯ್ದೆಯ ಮಾತು. ಕಾಡು ನಮ್ಮದು ಎಂದು ಕೇಳಬಹುದಂತೆ. ಕೇಳುವುದು ಹೇಗೆ, ಯಾರ ಹತ್ತಿರ ಎಂದು ಹೇಳಿಕೊಡುವವರೇ ಇಲ್ಲ. "ನಮ್ಮವಳೇ ಒಬ್ಬಳು ಲಾಯರಾಗಲಿ" ಎಂದು ಪೋಡಿನ ಯಜಮಾನ ತಿಮ್ಮಯ್ಯ ಎಲ್ಲರನ್ನೂ ಒಪ್ಪಿಸಿ ಅವಳನ್ನು ಕಳಿಸಿದ್ದ. ಒಪ್ಪಿಸುವುದು ಸುಲಭವಾಗಿರಲಿಲ್ಲ. ಹೆಣ್ಣು ಸಮುದ್ರ ದಾಟಿದರೆ ತಿರುಗಿ ಬರುತ್ತಾಳೆಯೇ ಎಂದು ಅರ್ಧ ಪೋಡು ಗೊಣಗಿತ್ತು. "ಬತ್ತಾಳೆ. ನಾನು ಹೊಣೆ" ಎಂದಿದ್ದ ತಿಮ್ಮಯ್ಯ.

ಕೆಲಸ ಕಲಿಸಲು ಮೇಡಂ ಅವಳನ್ನು ಪೃಥ್ವಿಯ ಕೈಗೆ ಒಪ್ಪಿಸಿದ್ದರು. ಸಾಲಿಸಿಟರ್ ಆಗಲು ಟ್ರೇನಿಂಗ್ ಮುಗಿಸುತ್ತಿದ್ದ ಹುಡುಗ. ಅಪ್ಪ ಅಮ್ಮ ಗದಗಿನ ಕಡೆಯ ಲಿಂಗಾಯತರು, ಇಬ್ಬರೂ ಡಾಕ್ಟರು, ಮನೆ ಸಟನ್ ಕೋಲ್ಡ್‌ಫೀಲ್ಡಿನಲ್ಲಿ. ಅಲ್ಲಿ ಬೆಳೆದ ಬೇರೆ ಮಕ್ಕಳಿಗೆ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಪೃಥ್ವಿಯ ಅಮ್ಮ ಹಾಗೆ ಬಿಟ್ಟವರಲ್ಲ.

"ಮನ್ಯಾಗ ಇಂಗ್ಲಿಷ್ ಮಾತಾಡಿದ್ರ ಮಮ್ಮಿ ರೊಟ್ಟಿ ಕೊಡ್ತಿರಲಿಲ್ರಿ," ಎಂದು ಅವನೇ ಹೇಳಿದ್ದ. "ಹೊಟ್ಟಿ ಸಲುವಾಗಿ ಕನ್ನಡ ಕಲ್ತೇನಿ."

ಕೇತಮ್ಮ ನಕ್ಕಿದ್ದಳು. ಅವಳು ನಕ್ಕಾಗ ಅವನು ಕಂಪ್ಯೂಟರಿನ ಮೇಲಿಂದ ಕಣ್ಣಷ್ಟೇ ಎತ್ತಿ ನೋಡುತ್ತಿದ್ದ. ಅವಳು ನೋಡಿದರೆ ಕಣ್ಣು ಇಳಿಯುತ್ತಿತ್ತು. ಹುಬ್ಬು ಮಾತ್ರ ಮೇಲೆಯೇ ಉಳಿಯುತ್ತಿತ್ತು. ಆ ಹುಬ್ಬಿನಿಂದಲೇ ಕಳ್ಳ ಸಿಕ್ಕಿಬೀಳುತ್ತಿದ್ದ.

ಅವಳಿಗೆ ಟೀ ತರುವಾಗ ಸಕ್ಕರೆ ಹೆಚ್ಚು ಹಾಕಿ ತರುತ್ತಿದ್ದ. ಕೇಸಿನ ಕಾಗದಗಳನ್ನು ಜೋಡಿಸುವುದು ಹೇಗೆಂದು ತೋರಿಸುವಾಗ ಅವನ ತೋಳು ಅವಳ ತೋಳಿಗೆ ತಾಕದಂತೆ ಹಿಡಿದುಕೊಂಡು, ಆ ಜಾಗ್ರತೆಯಿಂದಲೇ ಅವಳ ಮೈ ಬೆಚ್ಚಗೆ ಮಾಡುತ್ತಿದ್ದ. ಸಾರ್ ಅನ್ನಬೇಡಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದ. ಅವಳು ದಿನವೂ ಸಾರ್ ಅನ್ನುತ್ತಿದ್ದಳು, ಬೇಕೆಂದೇ.

ಇಷ್ಟೆಲ್ಲ ಆದಮೇಲೆ ಕಾಡಿಗೆ ಬರ್ತೀರಾ ಎಂದರೆ ಯಾವ ಹುಡುಗಿ ಫೈಲು ಬೀಳಿಸುವುದಿಲ್ಲ?

ಮಧ್ಯಾಹ್ನ ನಿರುಪಮಾ ಮೇಡಂ ಕರೆದರು. "ಕೇತಮ್ಮ, ಶನಿವಾರ ಟಿಂಕರ್ಸ್ ವುಡ್‌ಗೆ ಹೋಗಲ್ಲ ಅಂದ್ಯಂತೆ? ಆ ಕಾಡು ಉಳಿಸೋ ಕೇಸು ನಮ್ಮದು, ಪೃಥ್ವಿ ಅಮ್ಮ ಅದ್ರಲ್ಲಿ ಸಾಕ್ಷಿ. ತಾಯಿ ಹೇಳಿಕೇನ ಮಗ ಬರ್ಕೊಳ್ಳೋ ಹಾಗಿಲ್ಲ. ನೀನೇ ಬರ್ಕೋಬೇಕು. ಕಾಡಲ್ಲೇ ನಡೀತಾ ಬರ್ಕೊಂಡ್ರೆ ಒಳ್ಳೇದು ಅಂತ ನಾನೇ ಹೇಳಿದ್ದು."

ಕೆಲಸಕ್ಕೆ ಕರೆದದ್ದು!

ಕೇತಮ್ಮನಿಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಮೊದಲಿಗಿಂತ ಹೆಚ್ಚು ಸಿಟ್ಟು ಬಂತು.

*

ಶನಿವಾರ ನ್ಯೂ ಸ್ಟ್ರೀಟ್ ಸ್ಟೇಷನ್ನಿನಿಂದ ರೈಲು ಹಿಡಿದು ಕೇತಮ್ಮ ಸಟನ್ ಕೋಲ್ಡ್‌ಫೀಲ್ಡಿಗೆ ಹೋದಳು. ಹೊರಡುವ ಮೊದಲು ಎರಡು ಸಲ ಜಡೆ ಬಿಚ್ಚಿ ಹಾಕಿಕೊಂಡದ್ದನ್ನು ಯಾರಿಗೂ ಹೇಳುವ ಅಗತ್ಯವಿಲ್ಲ.

ಪೃಥ್ವಿ ಸ್ಟೇಷನ್ನಿನ ಹೊರಗೆ ನಿಂತಿದ್ದ. ಪಕ್ಕದಲ್ಲಿ ಅವನಮ್ಮ ಪ್ರಭಾವತಿ, ಜಿಪಿ ಡಾಕ್ಟರು. ಕಾಟನ್ ಸೀರೆ, ಅದರ ಮೇಲೆ ರೇನ್‌ಕೋಟು, ಕಾಲಿಗೆ ರಬ್ಬರ್ ಬೂಟು, ಹೆಗಲಿಗೆ ರೊಟ್ಟಿಯ ಚೀಲ.

"ಬಾ ಯವ್ವಾ. ನೀನೇ ಏನ್ ಕೇತಮ್ಮ? ಇವಾ ಮನ್ಯಾಗ ದಿನಾ ನಿಂದ ಪಾರಾಯಣ ಮಾಡ್ತಾನ."

"ಮಮ್ಮಿ!"

"ಯಾಕೋ, ಸುಳ್ಳೇನು?"

ಟಿಂಕರ್ಸ್ ವುಡ್ ಮನೆಗಳ ಬೆನ್ನಿಗೇ ಇತ್ತು. ಅದನ್ನು ಕಾಡು ಎನ್ನಲು ಕೇತಮ್ಮನಿಗೆ ಮೊದಲು ನಗು ಬಂತು. ಆನೆ ಹೋಗಲಿ, ಒಂದು ಕಡವೆ ನಿಲ್ಲಲೂ ಜಾಗವಿಲ್ಲ. ಆದರೆ ಒಳಗೆ ಕಾಲಿಟ್ಟೊಡನೆ ತರಗೆಲೆಯ ಹಸಿ ವಾಸನೆ ಮೂಗಿಗೆ ಹೊಡೆಯಿತು. ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ ಮೊದಲ ಸಲ ಅವಳ ಕಾಲಡಿ ನೆಲ ಮೆತ್ತಗೆ ಕುಸಿಯಿತು. ಓಕ್ ಮರದ ಮಧ್ಯೆ ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ಕೇತಮ್ಮ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಓಡಿಬಿಟ್ಟಳು. ಯಾಕೆ ಓಡಿದಳೋ ಅವಳಿಗೂ ಗೊತ್ತಿಲ್ಲ. ಹಿಂತಿರುಗಿ ನೋಡಿದರೆ ಪೃಥ್ವಿ ದಾರಿಯ ನಡುವೆ ನಿಂತಿದ್ದಾನೆ. ಈ ಸಲ ಕಣ್ಣು ಇಳಿಸಲಿಲ್ಲ.

ಅವಳೇ ಇಳಿಸಬೇಕಾಯಿತು.

ದಾರಿಯ ಬದಿಯ ಬೆಂಚಿನ ಮೇಲೆ ಡೋರೀನ್ ಎಂಬ ಮುದುಕಿ ಕುಳಿತಿದ್ದಳು. ಕಾಡಿನ ಅಂಚಿನಲ್ಲೇ ಅವಳ ಮನೆ. ಅವಳೂ ಒಬ್ಬ ಸಾಕ್ಷಿ. ಈ ಜಾಗ ಕೊಂಡ ಕಂಪನಿ ಮರ ಕಡಿದು ಮನೆ ಕಟ್ಟಲು ಹೊರಟಿತ್ತು. ಇದು ಊರವರು ಬಹುಕಾಲದಿಂದ ಓಡಾಡುವ ಜಾಗ, ಅಲ್ಲಿನ ಕಾನೂನಿನ ಮಾತಿನಲ್ಲಿ ವಿಲೇಜ್ ಗ್ರೀನ್, ಎಂದು ಸರ್ಕಾರದ ಪಟ್ಟಿಯಲ್ಲಿ ಬರೆಸಿಬಿಟ್ಟರೆ ಯಾರೂ ಮುಟ್ಟುವಂತಿಲ್ಲ. ಅದಕ್ಕೇ ಕೇಸು.

ಪ್ರಭಾವತಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ಡೋರೀನ್ ಚಟ್ನಿ ನೆಕ್ಕಿ ಕಣ್ಣಲ್ಲಿ ನೀರು ಸುರಿಸುತ್ತಾ ಇನ್ನಷ್ಟು ಕೇಳಿದಳು. ಕೇತಮ್ಮ ಪೆನ್ನು ತೆಗೆದಳು.

"ಅಮ್ಮಾ, ಇಲ್ಲಿಗೆ ಯಾವಾಗಿಂದ ಬತ್ತಿದ್ದೀರಿ?"

"ಈ ಮಗಾ ಹೊಟ್ಯಾಗಿದ್ದಾಗಿಂದ. ಡ್ಯೂಟಿ ಮುಗಿಸಿ ಬಂದು ಇಲ್ಲೇ ಅಡ್ಡಾಡೂದು. ಹುಟ್ಟಿದ ಮ್ಯಾಲ ಪ್ರ್ಯಾಮ್ ತಳ್ಳಿಕೋತ ಬರೂದು. ಆ ಮರದ ಬುಡಕ್ಕ ಇವಾ ಬಿದ್ದು ಹಲ್ಲು ಮುರ್ಕೊಂಡ."

"ಮಮ್ಮಿ, ಹಲ್ಲು ಬರಸಬ್ಯಾಡ. ಮುಖ್ಯದ್ದು ಹೇಳು," ಎಂದ ಪೃಥ್ವಿ. ಆಮೇಲೆ ಕೇತಮ್ಮನತ್ತ ತಿರುಗಿ ಮೇಷ್ಟ್ರ ಹಾಗೆ ಬೆರಳು ಮಡಿಸಿದ. "ಈ ಕೇಸಿನಾಗ ಮೂರು ಮಾತು ಗಟ್ಟಿಯಾಗಬೇಕ್ರಿ. ಜಬರದಸ್ತಿ ಮಾಡಿ ಒಳಗ ಬಂದಿರಬಾರದು. ಕದ್ದುಮುಚ್ಚಿ ಬಂದಿರಬಾರದು. ಯಾರ ಅಪ್ಪಣಿನೂ ಕೇಳಿರಬಾರದು. ಹಿಂಗ ಇಪ್ಪತ್ತು ವರ್ಷ ಅಡ್ಡಾಡಿದ್ರ ಹಕ್ಕು ಬಂದ್ಹಂಗ."

"ಅಪ್ಪಣೆ ಕೇಳಿರಲೇಬಾರದಾ?"

"ಕೇಳಿದ್ರ ಕೇಸು ಬಿತ್ತು. ಕೇಳಿದೆ ಅಂದ್ರ ಅದು ಇನ್ನೊಬ್ಬರದು ಅಂತ ಒಪ್ಪಿಕೊಂಡ್ಹಂಗ."

ಕೇತಮ್ಮ ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು.

"ಏನಾತ್ರಿ?"

"ಇದು ನಮ್ಮ ಕಡೆ ಮದುವೆ ಕನ್ರೀ! ಬಲವಂತ ಇಲ್ಲ, ಕದ್ದುಮುಚ್ಚಿ ಇಲ್ಲ, ಅಪ್ಪಣೆ ಇಲ್ಲ. ಕಾಡಿಗೆ ಬತ್ತೀಯಾ ಅಂತಾನೆ, ಹೋಯ್ತಾಳೆ. ಇಡೀ ಪೋಡಿಗೆ ಗೊತ್ತಿರ್ತದೆ, ಯಾರೂ ತಡೆಯಲ್ಲ. ವಾಪಸ್ ಬಂದ್ರೆ ಗಂಡಹೆಂಡ್ತಿ!"

ಹೇಳಿದ ಮೇಲೆ ಅವಳಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು. ನಗು ಅರ್ಧಕ್ಕೇ ನಿಂತಿತು.

ಪ್ರಭಾವತಿ ರೊಟ್ಟಿ ಮುರಿಯುವುದನ್ನು ಬಿಟ್ಟು ಮಗನನ್ನು ನೋಡಿದರು. ಕೇತಮ್ಮನನ್ನು ನೋಡಿದರು. ಮತ್ತೆ ಮಗನನ್ನು ನೋಡಿದರು.

"ಹಂಗಾದ್ರ... ನೀ ಈಕಿನ್ನ ಏನಂತ ಕರದ್ಯೋ?"

ಪೃಥ್ವಿ ಬಾಯಿ ತೆರೆದ. ಕರೆದ ಮಾತನ್ನೇ ತೊದಲುತ್ತಾ ಒಪ್ಪಿಸಿದ.

"ಶನಿವಾರ ಕಾಡಿಗೆ ಬರ್ತೀರೇನ್ರಿ ಅಂತ ಕರದಿ! ಮ್ಯಾಲ ನಮ್ಮ ಮಮ್ಮಿನೂ ಬರ್ತಾಳ ಅಂದಿ! ಅಯ್ಯ ಶಿವನ!" ಎಂದು ಪ್ರಭಾವತಿ ಬೆಂಚಿನ ಮೇಲೆ ಕೈ ಬಡಿದು ನಕ್ಕರು. ಡೋರೀನ್ ಏನಾಯಿತೆಂದು ಕೇಳಿದಳು. ಅವರು ಇಂಗ್ಲಿಷಿನಲ್ಲಿ ಹೇಳಿದರು. ಮುದುಕಿ ಚಪ್ಪಾಳೆ ತಟ್ಟಿದಳು. ತಾನೂ ತನ್ನ ಸ್ಟ್ಯಾನನ ಜೊತೆ ಇದೇ ಕಾಡಿಗೆ ಬರುತ್ತಿದ್ದೆ, ಅಪ್ಪನನ್ನು ಕೇಳಿ ಬರಲಿಲ್ಲ ಎಂದಳು. ಅದನ್ನೂ ಹೇಳಿಕೆಯಲ್ಲಿ ಬರೆದುಕೋ ಎಂದಳು.

ಕೇತಮ್ಮ ಎದ್ದು ಮರಗಳ ನಡುವೆ ನಡೆದುಬಿಟ್ಟಳು. ಸಣ್ಣ ಹೊಂಡದ ಪಕ್ಕ ಹೇಝಲ್ ಗಿಡಗಳ ಒತ್ತಿನಲ್ಲಿ ನಿಂತಳು. ಮುಖದಿಂದ ಕೆಂಡ ಉದುರುವಂತಿತ್ತು. ಹಿಂದೆ ತರಗೆಲೆ ಸದ್ದಾಯಿತು.

"ಖರೇನ ನನಗ ಗೊತ್ತಿರಲಿಲ್ರಿ."

"ಗೊತ್ತಿರಲಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಕೋಪ!"

ಮಾತು ಬಾಯಿಂದ ಜಾರಿಹೋಗಿತ್ತು. ಹಿಂದಕ್ಕೆ ಎಳೆದುಕೊಳ್ಳುವಂತಿರಲಿಲ್ಲ. ಪೃಥ್ವಿ ನಿಂತಲ್ಲೇ ನಿಂತ. ಅವನ ಹುಬ್ಬು ಮೇಲೇರಿತು, ಮೇಲೆಯೇ ಉಳಿಯಿತು. ಆ ಮಾತಿನ ಅರ್ಥ ನಿಧಾನವಾಗಿ ಅವನ ಮುಖದ ಮೇಲೆ ಬೆಳಕಿನಂತೆ ಹರಡುವುದನ್ನು ಕೇತಮ್ಮ ನೋಡಿದಳು. ಮುಂದೆ ಏನಾದರೂ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಉಸಿರು ಹಿಡಿದಳು.

ಅವನು ಬಗ್ಗಿದ. ಅವಳು ಬಿಟ್ಟುಬಂದಿದ್ದ ಶೂಗಳನ್ನು ಅವಳ ಕಾಲ ಬಳಿ ಇಟ್ಟು, ತಿರುಗಿ ಹೋದ.

*

ಸೋಮವಾರ ನಿರುಪಮಾ ಮೇಡಂ ಹೇಳಿದರು: "ಇನ್ನು ಮೇಲೆ ನಿನ್ನ ಕೆಲಸ ನಾನೇ ನೋಡ್ತೀನಿ. ನಿನ್ನ ರಿಪೋರ್ಟೂ ನಾನೇ ಬರೀತೀನಿ. ಪೃಥ್ವಿ ಬೇಡ ಅಂದ."

ಬೇಡ ಅಂದ!

ಕೇತಮ್ಮನಿಗೆ ಸುತ್ತಲಿನ ಗೋಡೆ ದೂರ ಸರಿದಂತಾಯಿತು. ಅಂದರೆ ಅಷ್ಟೇ. ಡಾಕ್ಟರ ಮಗನಿಗೆ ಅಸಹ್ಯವಾಗಿರಬೇಕು. ಕಾಡಿನ ಹುಡುಗಿ ಏನೋ ಆಸೆ ಕಟ್ಟಿಕೊಂಡಿದ್ದಾಳೆ, ದೂರ ಇಡೋಣ ಎಂದುಕೊಂಡಿರಬೇಕು. ಇಟ್ಟುಕೊಳ್ಳಲಿ! ಇವನ ಸಕ್ಕರೆ ಟೀ ಯಾರಿಗೆ ಬೇಕು?

ಟೀ ಬರುವುದೂ ನಿಂತಿತ್ತು. ಪೃಥ್ವಿ ಮೇಜು ಬದಲಾಯಿಸಿ ಕಿಟಕಿಯ ಕಡೆ ಹೋಗಿದ್ದ. ಗುಡ್ ಮಾರ್ನಿಂಗ್ ಅನ್ನುತ್ತಿದ್ದ, ಅಷ್ಟೇ. ಕೇತಮ್ಮ ಹಲ್ಲು ಕಚ್ಚಿ ಕೆಲಸ ಮಾಡಿದಳು. ಬೀದಿ ಬೀದಿ ಸುತ್ತಿ ಮುದುಕ ಮುದುಕಿಯರ ಹೇಳಿಕೆ ಬರೆದುಕೊಂಡಳು. ಯಾವ ಮಾತು ಕೇಸಿಗೆ ಬೇಕು, ಯಾವುದು ಬೇಡ ಎಂದು ತಪ್ಪಿ, ಮೇಡಂ ಹತ್ತಿರ ಬೈಸಿಕೊಂಡು, ತಿದ್ದಿ, ಮತ್ತೆ ಬರೆದಳು. ಊರಿಗೆ ಹೋದ ಮೇಲೆ ತಾರೆಮರದ ಪೋಡಿನ ಅಜ್ಜ ಅಜ್ಜಿಯರ ಮಾತನ್ನು ಹೀಗೇ ಬರೆಯಬೇಕು ಎಂದು ನೆನೆದಾಗ ಮೈಯಲ್ಲಿ ಮಿಂಚು ಹರಿಯುತ್ತಿತ್ತು. ಆ ಸಂತೋಷವನ್ನು ಯಾರಿಗಾದರೂ ಹೇಳಬೇಕು ಎನಿಸಿ ತಲೆ ಎತ್ತಿದರೆ, ಕಿಟಕಿಯ ಕಡೆಯ ಮೇಜು ಕಾಣುತ್ತಿತ್ತು.

ಆಗಸ್ಟಿನಲ್ಲಿ ವಿಚಾರಣೆ ಒಂದು ಚರ್ಚಿನ ಹಾಲಿನಲ್ಲಿ ನಡೆಯಿತು. ನಡೆಸಲು ಬಂದವರು ಒಬ್ಬ ಹೆಂಗಸು. ಇನ್‌ಸ್ಪೆಕ್ಟರ್ ಎಂದು ಕರೆದರೂ ಪೊಲೀಸಲ್ಲ, ತೀರ್ಪಿಗೆ ವರದಿ ಬರೆಯುವ ವಕೀಲೆ. ಕಂಪನಿಯ ಬ್ಯಾರಿಸ್ಟರ್ ಪ್ರಭಾವತಿಯವರನ್ನು ಎದ್ದು ನಿಲ್ಲಿಸಿ ಮೆತ್ತಗೆ ಕೇಳಿದ: "ಡಾಕ್ಟರ್, ನಿಮ್ಮಂಥ ಮರ್ಯಾದಸ್ಥರು ಬೇರೆಯವರ ಜಾಗಕ್ಕೆ ಕಾಲಿಡುವ ಮೊದಲು ಒಂದು ಮಾತು ಕೇಳಿಯೇ ಇರುತ್ತೀರಿ, ಅಲ್ಲವೇ?"

ಬಲೆ! ಕೇತಮ್ಮನ ಪೆನ್ನು ನಿಂತಿತು. ಪ್ರಭಾವತಿ ಮರ್ಯಾದೆಗೆ ಆಸೆಪಟ್ಟು ಹೌದು ಅಂದರೆ ಮುಗಿಯಿತು. ಮೇಜಿನ ಆ ತುದಿಯಲ್ಲಿದ್ದ ಪೃಥ್ವಿಯೂ ಉಸಿರು ಹಿಡಿದಿದ್ದ. ಎಷ್ಟೋ ದಿನಗಳ ಮೇಲೆ ಇಬ್ಬರ ಕಣ್ಣೂ ಕೂಡಿದವು.

"ಯಾರನ್ನ ಕೇಳಲಿ?" ಎಂದರು ಪ್ರಭಾವತಿ, ಇಂಗ್ಲಿಷಿನಲ್ಲೂ ಗದಗಿನ ಗತ್ತು ಬಿಡದೆ. "ನನ್ನ ಮಗನಿಗೆ ನಡೆಯೋದು ಕಲಿಸಲು ಹೋದೆ. ನಡೆಯೋದಕ್ಕೆ ಅಪ್ಪಣೆ ಕೇಳೋ ಅಭ್ಯಾಸ ನನಗಿಲ್ಲ."

ಹಾಲೆಲ್ಲ ನಕ್ಕಿತು. ಪೃಥ್ವಿ ಮುಖ ತುಂಬಾ ನಕ್ಕ. ಕೇತಮ್ಮನಿಗೂ ನಗು ತಡೆಯಲಿಲ್ಲ. ನಗುತ್ತಲೇ ಇದ್ದಾಗ, ಇವನ ಮೇಲೆ ಕೋಪ ಮಾಡಿಕೊಳ್ಳಬೇಕು ಎನ್ನುವುದು ನೆನಪಾಯಿತು. ತಡವಾಗಿತ್ತು.

*

ವಿಚಾರಣೆಯ ಕೊನೆಯ ದಿನ ಇನ್‌ಸ್ಪೆಕ್ಟರ್ ಕಾಡು ನೋಡಲು ಬಂದರು. ಎರಡೂ ಕಡೆಯವರು ಜೊತೆಯಲ್ಲಿ ನಡೆಯಬಹುದು. ಆದರೆ ಯಾರೂ ವಾದ ಮಾಡುವಂತಿಲ್ಲ. ಸಾಕ್ಷಿಗಳು ಹೇಳಿದ ಜಾಗ ಬಂದಾಗ ಬೆರಳು ತೋರಿಸಬಹುದು, ಅಷ್ಟೇ. ಲಾ ಸೆಂಟರಿನ ಪರವಾಗಿ ತೋರಿಸುವ ಕೆಲಸ ಪೃಥ್ವಿಗೆ, ಬರೆದುಕೊಳ್ಳುವ ಕೆಲಸ ಕೇತಮ್ಮನಿಗೆ.

ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ನಡೆದರು. ಎಲೆಯ ಸದ್ದು, ಬೂಟಿನ ಸದ್ದು, ಮೇಲೆಲ್ಲೋ ಪಾರಿವಾಳದ ರೆಕ್ಕೆ. ಪೃಥ್ವಿ ಡೋರೀನಳ ಬೆಂಚು ತೋರಿಸಿದ, ಅದರ ಮೇಲೆ ಅವಳೂ ಪ್ರಭಾವತಿಯೂ ಕುಳಿತಿದ್ದರು. ಹಲ್ಲು ಮುರಿದ ಮರ ತೋರಿಸಿದ. ತೋರಿಸುವಾಗ ನಾಲಗೆಯಿಂದ ಹಲ್ಲು ತಡವಿಕೊಂಡದ್ದನ್ನು ಕೇತಮ್ಮ ನೋಡಿದಳು, ಅವಳು ನೋಡಿದ್ದನ್ನು ಅವನು ನೋಡಿದ. ಮಾತಾಡುವಂತಿಲ್ಲ ಎಂದ ಮೇಲೆ ಕಣ್ಣಿಗೆ ಎಷ್ಟು ಕೆಲಸ! ಅವನು ಒಂದು ಕೊಂಬೆ ಬಗ್ಗಿಸಿ ಅವಳಿಗೆ ದಾರಿ ಬಿಟ್ಟ. ಅವಳು ದಾಟಿದ ಮೇಲೂ ಕೊಂಬೆ ಹಿಡಿದೇ ನಿಂತಿದ್ದ.

ಹೇಝಲ್ ಗಿಡಗಳ ಹತ್ತಿರ ಬಂದಾಗ, ಹೊಂಡದ ಪಕ್ಕ, ಪೃಥ್ವಿ ನಿಂತುಬಿಟ್ಟ. ಅವನ ಬೆರಳು ತಾನಾಗಿಯೇ ಎದ್ದಿತು.

ಇನ್‌ಸ್ಪೆಕ್ಟರ್ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇಲ್ಲೇನಿದೆ?"

ಪೃಥ್ವಿಯ ಮುಖ ಕೆಂಪಾಯಿತು. "ಏನಿಲ್ಲ ಮೇಡಂ. ಇದು ಸಾಕ್ಷ್ಯದಲ್ಲಿ ಇಲ್ಲ."

ಕೇತಮ್ಮನ ಪೆನ್ನು ಕಾಗದದ ಮೇಲೆ ಉದ್ದಕ್ಕೆ ಗೀಚಿಹೋಯಿತು.

ಇನ್‌ಸ್ಪೆಕ್ಟರ್ ಕಾರು ಹತ್ತಿ ಹೋದದ್ದೇ, ಕೇತಮ್ಮ ದಾಪುಗಾಲು ಹಾಕಿ ಹೇಝಲ್ ಗಿಡಗಳ ಹತ್ತಿರ ವಾಪಸ್ ಬಂದಳು. ಅವನು ಬರುತ್ತಾನೆ ಎಂದು ಗೊತ್ತಿತ್ತು. ಬಂದ.

"ಏನದು ಬೆರಳು ತೋರ್ಸಿದ್ದು? ನನ್ನ ಕೆಲಸ ಬೇಡ ಅಂದವರು ನೀವು! ಗುಡ್ ಮಾರ್ನಿಂಗ್ ಬಿಟ್ಟು ಒಂದು ಮಾತಿಲ್ಲ! ನಾನೇನು ಕಚ್ತೀನಾ?"

"ನಿಮ್ಮ ರಿಪೋರ್ಟ್ ನಾ ಬರೀಬಾರದಿತ್ರಿ," ಎಂದ ಪೃಥ್ವಿ. "ಲಾ ಕಾಲೇಜಿಗೆ ಹೋಗೂದು ಆ ರಿಪೋರ್ಟು. ನಾ ಹೊಗಳಿ ಬರದ್ರ ನಾಳೆ ಯಾರರ ಏನರ ಅಂತಾರ. ಅದಕ್ಕ ಮೇಡಂಗ ಹೋಗಿ ಹೇಳಿದೆ. ಯಾಕಂತ ಕೇಳಿದ್ರು. ಯಾಕಂತನೂ ಹೇಳಿದೆ."

"ಏನು ಹೇಳಿದ್ರಿ?"

"ಇದ್ದದ್ದು. ಆಕಿ ನಕ್ಕರ ನನಗ ಕೆಲಸ ಆಗೂದಿಲ್ಲ ಅಂತ. ಆಕಿ ನಗಲಿಲ್ಲಂದ್ರ ಅದಕ್ಕಿಂತ ಆಗೂದಿಲ್ಲ ಅಂತ."

ಕೇತಮ್ಮನಿಗೆ ಬೈಯಲು ಇದ್ದ ಮಾತೆಲ್ಲ ಎಲ್ಲೋ ಹೋಯಿತು. ಮೇಡಂಗೆ ಗೊತ್ತು. ಇಷ್ಟು ದಿನವೂ ಗೊತ್ತಿತ್ತು. ಇವನು ಕದ್ದುಮುಚ್ಚಿ ಏನೂ ಮಾಡಿರಲಿಲ್ಲ. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ ಅವನಿಗೂ ಕೇಳಿಸುತ್ತದೆಯೇನೋ ಎಂದು ಹೆದರಿ ಫೈಲನ್ನು ಎದೆಗೆ ಒತ್ತಿ ಹಿಡಿದಳು.

ಅವನು ಮತ್ತೆ ಬಾಯಿ ತೆರೆದ.

"ಕೇಳಬೇಡ!" ಎಂದಳು ಕೇತಮ್ಮ. ನೀವು ಹೋಗಿ ನೀನು ಆಗಿತ್ತು. "ಆ ಮಾತು ಕೇಳಬೇಡ. ನೀನು ಕೇಳಿದ್ರೆ ನಾನು ಬಂದ್ಬಿಡ್ತೀನಿ. ಇಲ್ಲಿ ನಾನು ಬಂದ್ರೆ ನಮ್ಮೂರಲ್ಲಿ ಏನಂತಾರೆ ಗೊತ್ತಾ? ನಮ್ಮ ಕಾಡಲ್ಲಿ ಹೋದ್ರೆ ಮದುವೆ. ಈ ಕಾಡಲ್ಲಿ ಹೋದ್ರೆ, ಕೇತಿ ಓಡೋದ್ಲು, ಇಂಗ್ಲೆಂಡಲ್ಲೇ ನಿಂತ್ಬಿಟ್ಲು ಅಂತಾರೆ. ತಿಮ್ಮಯ್ಯ ನನಗೆ ಹೊಣೆ ನಿಂತವ್ನೆ. ಇನ್ನೊಂದು ಹುಡುಗೀನ ಯಾರೂ ಕಳ್ಸಲ್ಲ. ನಮ್ಮ ಕಾಡಿನ ಕೇಸು ಹಂಗೇ ಬಿದ್ದಿರ್ತದೆ. ನಿನಗೆ ಹೂಂ ಅನ್ನೋಕೆ ಅದನ್ನೆಲ್ಲ ಬಿಡೋಕಾಗಲ್ಲ ನನ್ ಕೈಲಿ."

ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು. ಪೃಥ್ವಿ ಒಂದು ಹೆಜ್ಜೆ ಮುಂದೆ ಬಂದು ನಿಂತ.

"ನಾ ಕೇಳಾಕ ಬಂದಿಲ್ಲ."

"ಮತ್ತೆ?"

"ಕೇಳಿಸ್ಕೊಳ್ಳಾಕ ಬಂದೇನಿ."

ಕೇತಮ್ಮ ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಳು. ಪೋಡಿನಲ್ಲಿ ಹುಡುಗಿ ಕೇಳುವುದಿಲ್ಲ. ಅವ್ವ ಕೇಳಿರಲಿಲ್ಲ, ಅಕ್ಕ ಕೇಳಿರಲಿಲ್ಲ. ಕುಸುಮಾಲೆಯೂ ಕೇಳಿರಲಿಲ್ಲ. ಆದರೆ ಕೇಳಬಾರದು ಎಂದು ಯಾರು ಹೇಳಿದ್ದಾರೆ? ಯಾವ ಯಜಮಾನ ಹೇಳಿದ್ದಾನೆ? ಅವಳು ಸೆರಗಿಲ್ಲದ್ದಕ್ಕೆ ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಮೂಗು ಏರಿಸಿದಳು. ನಗು ಎಲ್ಲಿಂದಲೋ ಏರಿಕೊಂಡು ಬಂತು.

"ನಾನು ಮೊದಲು ಕಾಲೇಜಿಗೆ ಸೇರ್ಬೇಕು. ಓದು ಬಿಡಲ್ಲ."

"ಬಿಡು ಅಂತ ಯಾರಂದ್ರು? ನಂದೂ ಟ್ರೇನಿಂಗ್ ಮುಗೀಬೇಕು."

"ಮುಂದಿನ ಬೇಸಿಗೆ ರಜೇಲಿ ನಾನು ಪೋಡಲ್ಲಿರ್ತೀನಿ. ನಿಜವಾದ ಕಾಡು. ಆನೆ ಅದೆ, ಜಿಗಣೆ ಅದೆ. ನಿನ್ನ ಶೂ ನಡಿಯಲ್ಲ. ವಾಪಸ್ ಬಂದ್ಮೇಲೆ ತಿಮ್ಮಯ್ಯ ಎಲ್ಲರ ಮುಂದೆ ಬಯ್ತಾನೆ. ತಪ್ಪುಕಾಣಿಕೆ ಇಡ್ಬೇಕು. ಇಡೀ ಪೋಡಿಗೆ ಊಟ ಹಾಕ್ಬೇಕು." ಅವಳು ಗಲ್ಲ ಎತ್ತಿ ಅವನನ್ನೇ ನೋಡಿದಳು. "ನನ್ನ ಜೊತೆ ಕಾಡಿಗೆ ಬತ್ತೀಯಾ?"

ಪೃಥ್ವಿಯ ಕಣ್ಣು ಇಳಿಯಲಿಲ್ಲ. ಹುಬ್ಬೂ ಇಳಿಯಲಿಲ್ಲ.

"ಇದರಾಗ ಯೋಚನಿ ಮಾಡೂದೇನೈತಿ?" ಎಂದ. "ಮಮ್ಮಿಗೂ ಹೇಳೇನಿ. ಆಕಿನೂ ಬರ್ತಾಳ."

"ಏಯ್!" ಎಂದು ಕೇತಮ್ಮ ಫೈಲಿನಿಂದ ಅವನ ತೋಳಿಗೆ ಬಾರಿಸಿದಳು. ಅವನು ಆ ಫೈಲನ್ನೂ ಅದರ ಜೊತೆಗಿದ್ದ ಕೈಯನ್ನೂ ಹಿಡಿದುಕೊಂಡ. ಈ ಸಲ ತಾಕದಂತೆ ಹಿಡಿಯಲಿಲ್ಲ.

ದಾರಿಯ ಬದಿಯ ಬೆಂಚಿನಿಂದ ಪ್ರಭಾವತಿಯ ಧ್ವನಿ ಬಂತು. "ಬರೂದ ಮತ್ತ! ಊರಿಗೆಲ್ಲ ಊಟಾ ಹಾಕೂದಂದ್ರ ಇವನ ಕೈಲೆ ಆಗ್ತೈತೇನು? ರೊಟ್ಟಿ ಬಡಿಯವರು ಯಾರು?"

"ಎಲ್ಲಾ ಕೇಳಿಸ್ಕೊಂಡ್ರಾ ಅಮ್ಮಾ?" ಕೇತಮ್ಮನಿಗೆ ಕೈ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ.

"ನೀವೇನು ಕದ್ದುಮುಚ್ಚಿ ಮಾತಾಡಿದ್ರೇನವಾ?"

ಅವರ ಪಕ್ಕದಲ್ಲೇ ಕುಳಿತಿದ್ದ ಡೋರೀನ್ ಕೋಲು ಎತ್ತಿ, ತಾನು ಎಲ್ಲ ನೋಡಿದ್ದೇನೆ, ಬೇಕಾದರೆ ಸಾಕ್ಷಿ ಹೇಳುತ್ತೇನೆ ಎಂದು ಕೂಗಿದಳು. ಹಕ್ಕು ಬರಲು ಇಪ್ಪತ್ತು ವರ್ಷ ಆಗಬೇಕು ಎಂದು ಪೃಥ್ವಿ ತಿರುಗಿ ಕೂಗಿದ. ಅಷ್ಟು ದಿನ ನಾನಿರುವುದಿಲ್ಲ ಮಗನೇ, ಚಿಕ್ಕ ವಯಸ್ಸಿನ ಸಾಕ್ಷಿ ಹುಡುಕಿಕೋ ಎಂದಳು ಮುದುಕಿ.

"ಇಪ್ಪತ್ತು ವರ್ಷಾನಾ?" ಎಂದಳು ಕೇತಮ್ಮ.

"ಇವತ್ತಿಂದ ಶುರು," ಎಂದ ಪೃಥ್ವಿ.

ಕೇತಮ್ಮ ಬಗ್ಗಿ ಶೂ ಬಿಚ್ಚಿ ಎಡಗೈಯಲ್ಲಿ ಹಿಡಿದಳು. ಬಲಗೈ ಅವನ ಕೈಯಲ್ಲಿತ್ತು. ಆಗಸ್ಟಿನ ಸಂಜೆ ಬಿಸಿಲು ಓಕ್ ಮರಗಳ ನಡುವೆ ಇನ್ನೂ ಉದ್ದಕ್ಕೆ ಚಾಚಿಕೊಂಡೇ ಇತ್ತು. ಬೆಂಚಿನ ಮೇಲಿನ ಇಬ್ಬರು ಹೆಂಗಸರ ಕಣ್ಣೆದುರಿಗೇ, ಒಬ್ಬರನ್ನೊಬ್ಬರು ಎಳೆಯದೆ, ಯಾರ ಅಪ್ಪಣೆಯನ್ನೂ ಬೇಡದೆ, ಅವರು ಆ ದಾರಿಯಲ್ಲಿ ನಡೆದು ಬಂದರು.